ಮಾತಿನ ಮನೆ

ಮಾರ್ಚ್ ೪, ಮಂಗಳವಾರ

ಇವತ್ತಿನ ಅಕ್ಷರ ನೋಡಿದರೆ ಇರುವೆಯೊಂದು ಮಸಿಯಲ್ಲಿ ಬಿದ್ದು, ಎದ್ದು, ಮನೆಗೆ ನಡೆದುಕೊಂಡು ಹೋದ ಹಾಗಿದೆ. ಪರವಾಗಿಲ್ಲ, ಓದುವವನು ನಾನೊಬ್ಬನೇ.

ನಿನ್ನೆ ಬೆಳಿಗ್ಗೆ ಎಂದಿನಂತೆ ಅಂಗಡಿಗಳ ಹಣ ಎತ್ತಿಕೊಂಡು ಬ್ಯಾಂಕಿಗೆ ಸೇರಿಸಲು ಹೊರಟಿದ್ದೆವು. ವ್ಯಾನಿನಲ್ಲಿ ಮೂವರು. ಓಡಿಸುವವನು ಹಾರ್ನ್, ಖಾಲಿ ರಸ್ತೆಯಲ್ಲೂ ಹಾರ್ನ್ ಒತ್ತುವುದರಿಂದ ಆ ಹೆಸರು. ಚೀಲ ಹೊರುವವನು ಮೌನಿ. ನಿದ್ದೆಯಲ್ಲೂ ಬಾಯಿ ಮುಚ್ಚದ್ದರಿಂದ ಆ ಹೆಸರು. ರಿವಾಲ್ವರ್ ಕಟ್ಟಿಕೊಂಡು ಅವನ ಪಕ್ಕ ನಡೆಯುವವನು ನಾನು, ಪ್ರಾಸಪ್ಪ. ಸಾಹಿತ್ಯದಲ್ಲಿ ಪದವಿ ಪಡೆದು ಕಾವಲು ಕಂಪನಿ ಸೇರಿದವನಿಗೆ ಇದಕ್ಕಿಂತ ದೊಡ್ಡ ಬಿರುದು ಯಾರು ಕೊಡುತ್ತಾರೆ.

ದೊಡ್ಡ ಅಂಗಡಿಯ ಹಿಂಬಾಗಿಲು. ಮೌನಿ ಎರಡೂ ಕೈಯಲ್ಲಿ ಚೀಲ ಹಿಡಿದು, ತನ್ನ ಹಲ್ಲುನೋವಿನ ಚರಿತ್ರೆಯನ್ನು ಮೊದಲಿಂದ ಶುರು ಮಾಡಿದ್ದ. ಕಸದ ಡಬ್ಬಿಗಳ ಹಿಂದಿನಿಂದ ಹೆಲ್ಮೆಟ್ ಹಾಕಿದ ಇಬ್ಬರು ಎದ್ದರು. ಒಬ್ಬನ ಕೈಯಲ್ಲಿ ಪಿಸ್ತೂಲು. ನಾನು ರಿವಾಲ್ವರ್ ತೆಗೆದು ಮೊದಲು ಮಾತಿನ ಮನೆ ಎಳೆದೆ.

ನಮ್ಮ ರಿವಾಲ್ವರಿಗೆ ಆರು ಮನೆ, ಗುಂಡು ಐದೇ. ಟ್ರಿಗರ್ ಎಳೆದಾಗ ಮೊದಲು ಎದುರಾಗುವ ಮನೆಯನ್ನು ಖಾಲಿ ಬಿಟ್ಟಿರುತ್ತೇವೆ. ಕೆಲಸ ಕಲಿಸಿದ ಹಿರಿಯರು ಹಾಗೇ ಕಲಿಸಿದ್ದು, ಅದಕ್ಕೆ ಮಾತಿನ ಮನೆ ಅಂತ ಹೆಸರಿಟ್ಟವರೂ ಅವರೇ. ಮೊದಲ ಸಲ ಎಳೆದರೆ ಬರೀ ಕಟಕ್. ಆ ಸದ್ದಿಗೆ ಎದುರಿನವನು ಓಡಿದರೆ ಇಬ್ಬರಿಗೂ ಕ್ಷೇಮ. ಓಡದಿದ್ದರೆ ಎರಡನೇ ಸಲ ಎಳೆಯುವುದು. ಇಷ್ಟು ವರ್ಷದಲ್ಲಿ ನನ್ನೆದುರು ನಿಂತವರೆಲ್ಲ ಓಡಿದ್ದಾರೆ. ಒಬ್ಬನಂತೂ ಚಪ್ಪಲಿ ಬಿಟ್ಟು ಓಡಿದ್ದ. ಹಾರ್ನ್ ಅದನ್ನೇ ಆರು ತಿಂಗಳು ಹಾಕಿಕೊಂಡ.

ನಿನ್ನೆ ಕಟಕ್ ಅಂದಿತು. ಹೆಲ್ಮೆಟ್‌ನವನು ಓಡಲಿಲ್ಲ. ಮೌನಿಯ ಹೊಟ್ಟೆಗೆ ಗುಂಡು ಹೊಡೆದ. ಮೌನಿ ಕೂತ, ಯಾರೋ ಕುರ್ಚಿ ಕೊಟ್ಟ ಹಾಗೆ ನಿಧಾನವಾಗಿ ಕೂತ. ನಾನು ಎರಡನೇ ಸಲ ಎಳೆದೆ, ಗುಂಡು ಗೋಡೆಗೆ ಬಿತ್ತು. ಮೂರನೆಯದು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಚೀಲ ಹೋಯಿತು, ಅವರೂ ಹೋದರು. ಮೌನಿಯ ಹೊಟ್ಟೆಗೆ ನನ್ನ ಅಂಗಿ ಬಿಚ್ಚಿ ಒತ್ತಿ ಹಿಡಿದೆ. ಬಿಸಿ ನೀರಿನ ನಲ್ಲಿಗೆ ಬಟ್ಟೆ ಒತ್ತಿದ ಹಾಗಿತ್ತು.

"ಹಲ್ಲು ಈಗ ನೋಯ್ತಿಲ್ಲ ಕಣಣ್ಣ" ಅಂದ. ಅಷ್ಟರ ಮೇಲೆ ಮಾತಾಡಲಿಲ್ಲ.

ಮಾರ್ಚ್ ೬, ಗುರುವಾರ

ಮೇಜರ್ ಕರೆಸಿದ್ದರು. ನಮ್ಮ ಯಜಮಾನರು ಸೈನ್ಯದಲ್ಲಿದ್ದವರಲ್ಲ. ಮೀಸೆ ಮಾತ್ರ ಇತ್ತು, ಅದರ ಬಲದ ಮೇಲೆ ಮೇಜರ್ ಆದರು. ಮೇಜಿನ ಮೇಲೆ ಒರಸುವ ಬಟ್ಟೆ ಹಾಸಿ, ಅದರ ಮೇಲೆ ಒಂದು ಹೊಸ ಪಿಸ್ತೂಲು ಮಲಗಿಸಿದ್ದರು, ಮಗು ಮಲಗಿಸಿದ ಹಾಗೆ.

"ಹದಿನೆಂಟು ಜನಕ್ಕೂ ಇದನ್ನೇ ಕೊಳ್ಳೋಣ ಅಂತಿದ್ದೀನಿ. ಆದ್ರೆ ಕಟ್ಕೊಂಡು ಓಡಾಡೋರು ನೀವು. ಎರಡು ತಿಂಗಳು ಸೊಂಟದಲ್ಲಿಟ್ಕೊಂಡು ನೋಡು. ಹಳೇದು ಸಾಕೋ, ಹೊಸದು ಬೇಕೋ, ಬರೆದು ಕೊಡು. ನೀನು ಬರೆದಿದ್ದೇ ಕೊನೆ."

"ನಾನೇ ಯಾಕೆ ಸಾರ್?"

"ಗುಂಡಿನ ಮುಂದೆ ನಿಂತು ಬಂದೋನು ನೀನೊಬ್ನೇ ಅಲ್ವ?"

"ನಿಂತವನು ಮೌನಿ. ನಾನು ಪಕ್ಕದಲ್ಲಿದ್ದೆ."

"ಆಯ್ತು, ಪಕ್ಕದಲ್ಲಿ ನಿಂತು ಬಂದೋನು" ಅಂದರು.

ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ನೋಡಿದೆ. ಹಳೆಯದು ಅತ್ತೆ: ಭಾರ, ನಿಧಾನ, ಎದ್ದರೆ ಸದ್ದು, ಸಿಟ್ಟು ಬಂದರೂ ಒಂದು ಸಲ ಕೆಮ್ಮಿಯೇ ಬೈಯುವುದು. ಹೊಸದು ಸೊಸೆ: ತೆಳ್ಳಗೆ, ಕಪ್ಪಗೆ, ಮಾತೇ ಇಲ್ಲ. ಮನೆಗೆ ಬಂದು ಈ ಉಪಮೆಯನ್ನು ಹೆಂಡತಿಗೆ ಹೇಳಿದೆ. "ನಿಮ್ಮಮ್ಮ ಒಂದು ಸಲವಾದರೂ ಕೆಮ್ಮಿ ಬೈದದ್ದು ನನಗೆ ಜ್ಞಾಪಕವಿಲ್ಲ" ಅಂದಳು.

ಇವತ್ತಿನ ಪ್ರಾಸ: ಹೊಸದು ಹಗುರ, ಹಳೆಯದು ಭಾರ; ಹೊಟ್ಟೆಪಾಡಿಗೆ ಎರಡೂ ಆಧಾರ. ಕಳಪೆ. ಆದರೂ ಇರಲಿ.

ಮಾರ್ಚ್ ೧೧, ಮಂಗಳವಾರ

ಗುಂಡು ಹೊಡೆಯಲು ಕಲಿಸುವ ಮೈದಾನಕ್ಕೆ ಹೊಸ ಪಿಸ್ತೂಲಿನ ಮಾರಾಟದವನೇ ಬಂದಿದ್ದ. ಇಸ್ತ್ರಿ ಮಾಡಿದ ನಗು.

ಹಳೆಯದರಲ್ಲಿ ಐದು ಹೊಡೆದು, ಖಾಲಿ ಕೊಳವೆ ಕೊಡವಿ, ಒಂದೊಂದಾಗಿ ತುಂಬುವಷ್ಟರಲ್ಲಿ ಅವನು ಎರಡು ಸಲ ಆಕಳಿಸಿದ. ಹೊಸದರಲ್ಲಿ ಹದಿನೈದು ಗುಂಡು ಹಿಡಿಯಲ್ಲೇ ಕೂತಿರುತ್ತವೆ. ಅವು ಕೂತಿರುವ ಪೆಟ್ಟಿಗೆಗೆ ಮ್ಯಾಗಜೀನ್ ಅನ್ನುತ್ತಾರೆ. ಯೌವನದಲ್ಲಿ ನಾನು ಪದ್ಯ ಕಳಿಸಿದ ಒಂದು ಮ್ಯಾಗಜೀನೂ ಒಂದನ್ನೂ ಒಳಗೆ ಸೇರಿಸಿಕೊಳ್ಳಲಿಲ್ಲ. ಇದು ಹದಿನೈದನ್ನು ಚಕಾರವೆತ್ತದೆ ಸೇರಿಸಿಕೊಳ್ಳುತ್ತದೆ.

"ಇದರಲ್ಲಿ ಮೊದಲನೇದನ್ನ ಖಾಲಿ ಬಿಡೋದು ಹೇಗೆ?" ಅಂದೆ.

"ಯಾತಕ್ಕೆ ಸಾರ್?"

ಮಾತಿನ ಮನೆಯ ವಿಷಯ ಹೇಳಿದೆ. ಅವನು ಹಾರ್ನ್ ಮುಖ ನೋಡಿದ, ತಮಾಷೆಯೋ ನಿಜವೋ ತಿಳಿಯಲು. ಹಾರ್ನ್ ಗಂಭೀರವಾಗಿದ್ದ.

"ಇದರಲ್ಲಿ ಖಾಲಿ ಅನ್ನೋ ಮಾತೇ ಇಲ್ಲ ಸಾರ್. ಬೆರಳು ಹೋದರೆ ಗುಂಡು ಹೋಯಿತು."

"ಮಾತುಕತೆ?"

"ಆಮೇಲೆ ಆಡಬಹುದು" ಅಂದ. ಹಾರ್ನ್ ನಕ್ಕ. ನನಗೆ ನಗು ಬರಲಿಲ್ಲ. ಹಳೆಯದೇ ಸರಿ ಅಂತ ಬರೆದುಬಿಡಬೇಕು ಅನ್ನಿಸಿತು, ಅಲ್ಲೇ.

ಆದರೆ ಗುರಿಯ ಹಲಗೆಯಲ್ಲಿ ಹೊಸದರ ತೂತುಗಳೆಲ್ಲ ಒಂದು ಬೊಗಸೆಯಲ್ಲಿ ಹಿಡಿಯುವಷ್ಟು ಹತ್ತಿರ. ಹಳೆಯದರ ತೂತುಗಳು ಜಗಳವಾಡಿಕೊಂಡ ಅಣ್ಣತಮ್ಮಂದಿರ ಹಾಗೆ ಒಂದೊಂದು ದಿಕ್ಕಿಗೆ.

ಮಾರ್ಚ್ ೧೫, ಶನಿವಾರ

ಮೌನಿಯನ್ನು ನೋಡಲು ಹೋದೆ. ಬಾಯಿಗೆ ಕೊಳವೆ ಹಾಕಿದ್ದಾರೆ. ಹೆಸರಿಗೆ ತಕ್ಕ ಹಾಗಾದ. ಹೊಟ್ಟೆಯ ಗಾಯದಲ್ಲಿ ಕೀವು ಸೇರಿದೆಯಂತೆ; ಮತ್ತೆ ಕೊಯ್ಯುತ್ತಾರಂತೆ. ಹೊದಿಕೆಯ ಕೆಳಗಿಂದ ವಾಸನೆ.

ಅವನ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನನ್ನನ್ನು ಅಣ್ಣ ಅನ್ನುತ್ತಾಳೆ.

"ಅಣ್ಣ, ನೀವು ಮೊದಲು ತೆಗೆದ್ರಂತೆ. ಹಾರ್ನ್ ಹೇಳಿದ್ರು. ಅವನಿಗಿಂತ ಮೊದಲು ನಿಮ್ಮ ಕೈಯೇ ಮೇಲೆ ಬಂತಂತೆ."

"ಹೌದಮ್ಮ."

"ಮತ್ತೆ?"

ಮೊದಲನೆಯದು ಮಾತಿಗೆ ಅಂತ ಹೇಳಲೇ? ಕಾಫಿ ತರುತ್ತೇನೆ ಅಂತ ಎದ್ದೆ. ತಂದುಕೊಟ್ಟೆ. ಅವಳು ಕುಡಿಯಲಿಲ್ಲ, ಆರುವವರೆಗೂ ಹಿಡಿದುಕೊಂಡೇ ಇದ್ದಳು.

ಮಾರ್ಚ್ ೧೯, ಬುಧವಾರ

ಹೊಸದು ಒರೆಯಿಂದ ಬೇಗ ಬರುತ್ತದೆಯೇ ಇಲ್ಲವೇ ಅಂತ ವರದಿಯಲ್ಲಿ ಬರೆಯಬೇಕಲ್ಲ. ಗುಂಡು ತೆಗೆದಿಟ್ಟು, ಬೀರುವಿನ ಕನ್ನಡಿಯ ಮುಂದೆ ನಿಂತು ಎಳೆದು ನೋಡುತ್ತಿದ್ದೆ. ಮೊದಮೊದಲು ಬೆರಳು ಹಳೆ ಚಾಳಿಯಂತೆ ಒಂದು ಸಲ ಎಳೆದು, ನಿಂತು, ಎದುರಿನವನು ಓಡುತ್ತಾನೇನೋ ಅಂತ ನೋಡುತ್ತಿತ್ತು. ಕನ್ನಡಿಯಲ್ಲಿರುವವನು ಓಡುವುದಿಲ್ಲ. ಸಂಜೆಯ ಹೊತ್ತಿಗೆ ಆ ನಿಲುಗಡೆ ಹೋಯಿತು. ಒಳ್ಳೆಯದು.

ಇವಳು ಆಸ್ಪತ್ರೆಯಿಂದ ಬಂದವಳು ಬಾಗಿಲಲ್ಲಿ ನಿಂತು ನೋಡಿದಳು. ಮೂಳೆ ವಾರ್ಡಿನ ನರ್ಸು. ಮುರಿದದ್ದನ್ನು ಒಂದೇ ನೋಟದಲ್ಲಿ ಹಿಡಿಯುವ ಕಣ್ಣು.

"ಕನ್ನಡಿ ಎಷ್ಟು ಸಲ ಸತ್ತಿತು ಇವತ್ತು?"

"ಕೆಲಸ" ಅಂದೆ.

"ಹಳೇದನ್ನ ಹೀಗೆ ಕನ್ನಡಿಗೆ ಹಿಡಿದದ್ದು ನಾನು ನೋಡಿಲ್ಲವಲ್ಲ."

"ಅದಕ್ಕೇ ಮೌನಿ ಮಲಗಿರೋದು" ಅಂದೆ. ಸ್ವಲ್ಪ ಜೋರಾಗಿಯೇ ಬಂತು. ಅವಳು ಅನ್ನ ಇಡಲು ಹೋದಳು.

ಮಾರ್ಚ್ ೨೩, ಭಾನುವಾರ

ಒರೆಯ ಬಗ್ಗೆ ಒಂದು ಟಿಪ್ಪಣಿ. ಮೈಕೈ ಆಡಿಸುವಾಗ ಹಳೆಯದು ಸೊಂಟಕ್ಕೆ ಗುದ್ದುತ್ತದೆ. ಹೊಸದು ಮೈಗೆ ಅಂಟಿಕೊಂಡಿರುತ್ತದೆ. ಇವತ್ತು ಪರೀಕ್ಷೆಯಾಯಿತು. ತರಕಾರಿ ತರಲು ಹೊರಟಾಗ ಬೈಕಿನವನೊಬ್ಬ ನಮ್ಮ ಸ್ಕೂಟರಿಗೆ ಹಿಂದಿನಿಂದ ತಗುಲಿಸಿದ. ಇಳಿದು ಬಂದವನು ಹೆಲ್ಮೆಟ್ ತೆಗೆಯದೆಯೇ, ಅದರ ಗಾಜು ಮಾತ್ರ ಎತ್ತಿ, "ನೋಡ್ಕೊಂಡು ಹೋಗೋಕೆ ಏನು ರೋಗ" ಅಂದ. ಮೂತಿಗೆ ಎರಡು ಕೊಟ್ಟೆ. ಹೆಲ್ಮೆಟ್ ಹಿಡಿದು ಎಳೆದು ಸ್ಕೂಟರಿನ ಮುಂದಿನ ಸೀಟಿಗೆ ಮುಖ ಒತ್ತಿದೆ. ಮೂಗಿನಿಂದ ರಕ್ತ ಬಂತು, ಒಂದು ಹಲ್ಲೂ ಬಂತು. ಇಷ್ಟೆಲ್ಲ ಆದರೂ ಪಿಸ್ತೂಲು ಒಂದಿಷ್ಟೂ ಜರುಗಲಿಲ್ಲ. ಅಂಗಿ ಎತ್ತಿ ಅದನ್ನು ತೋರಿಸಿದೆ, ಅಷ್ಟೇ. ಅವನು ಅಲ್ಲೇ ಕೈ ಮುಗಿದ.

ಮಗಳು ಹಿಂದಿನ ಸೀಟಿನಲ್ಲಿದ್ದಳು. ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಗೆಲ್ಲ ಹೋಗುವ ಹುಡುಗಿ. ಮನೆಗೆ ಬಂದ ಮೇಲೆ "ಅವನು ಕ್ಷಮಿಸಿ ಅಂದ ಮೇಲೂ ಹೊಡೆದ್ರಿ ಅಪ್ಪ" ಅಂದಳು. ನನಗೆ ಕೇಳಿಸಿರಲಿಲ್ಲ. ಹೆಲ್ಮೆಟ್ ಒಳಗಿಂದ ಯಾರಿಗೆ ಏನು ಕೇಳಿಸುತ್ತೆ.

ಬದನೆಕಾಯಿ ತರುವುದು ಮರೆತೆ.

ಮಾರ್ಚ್ ೨೮, ಶುಕ್ರವಾರ

ಮೌನಿ ಹೋದ.

ಏಪ್ರಿಲ್ ೨, ಬುಧವಾರ

ಮೈದಾನ. ಹಳೆಯದನ್ನು ತೆಗೆದುಕೊಂಡು ಹೋಗಲಿಲ್ಲ. ಹೋಲಿಸುವುದಕ್ಕೆ ಇನ್ನೇನೂ ಉಳಿದಿಲ್ಲ. ಹೊಸದರಲ್ಲಿ ಎರಡು ಮ್ಯಾಗಜೀನ್. ಎಲ್ಲ ಎದೆಗೆ.

ಹೆಲ್ಮೆಟ್‌ನವರು ಸಿಕ್ಕಿಲ್ಲ. ಊರಿನಲ್ಲಿ ಎಷ್ಟು ಹೆಲ್ಮೆಟ್‌ಗಳು! ಇಷ್ಟು ವರ್ಷ ಕಣ್ಣಿಗೆ ಬಿದ್ದಿರಲಿಲ್ಲ.

ಹಾರ್ನ್ ಕೇಳಿದ, "ಪ್ರಾಸಪ್ಪ, ಮೌನಿ ಮೇಲೆ ಒಂದು ನಾಲ್ಕು ಸಾಲು ಕಟ್ಟೋ. ಅವನ ಫೋಟೋ ಕೆಳಗೆ ಬರೆಸೋಣ." ಕೂತೆ. ಬಂದ ಪ್ರಾಸ: ಎಳೆ, ಸೆಳೆ, ಕೊಲೆ. ಮೂರನೆಯದು ಸರಿಯಾಗಿ ಕೂಡುವುದೂ ಇಲ್ಲ. ಕೈಬಿಟ್ಟೆ.

ಏಪ್ರಿಲ್ ೧೧, ಶುಕ್ರವಾರ

ಮೊನ್ನೆಯದನ್ನು ಬರೆಯಬೇಕು. ತನಿಖೆಯಲ್ಲಿ ಕೇಳುತ್ತಾರೆ, ಕ್ರಮವಾಗಿ ನೆನಪಿರಬೇಕು.

ಬ್ಯಾಂಕಿನ ಮುಂದೆ ಚೀಲಗಳನ್ನು ಇಳಿಸಿ ಕೊಟ್ಟು, ಖಾಲಿ ಪೆಟ್ಟಿಗೆಗಳೊಂದಿಗೆ ವ್ಯಾನ್ ಹತ್ತುತ್ತಿದ್ದೆವು. ಚೀಲ ಹೊರಲು ಮೌನಿಯ ಜಾಗದಲ್ಲಿ ಯಾರನ್ನೂ ಹಾಕಿಲ್ಲ, ಹಾರ್ನೇ ಹೊರುತ್ತಾನೆ. ಹಿಂದಿನಿಂದ ಓಡಿ ಬರುವ ಸದ್ದು. ತಿರುಗಿದೆ. ಹಳದಿ ಹೆಲ್ಮೆಟ್, ಬಲಗೈಯಲ್ಲಿ ಉದ್ದನೆಯ ಲೋಹ, ಎಡಗೈ ಜಾಕೆಟ್ ಒಳಗೆ. ಬಾಯಿ ತೆರೆದಿತ್ತು. ಏನೋ ಕೂಗುತ್ತಿದ್ದ.

ಪಿಸ್ತೂಲು ಕೈಗೆ ಬಂತು. ಬೆರಳು ಹೋಯಿತು. ಗುಂಡು ಅವನ ಭುಜಕ್ಕೆ ಬಿದ್ದು, ಅವನು ಅರ್ಧ ತಿರುಗಿ, ಬ್ಯಾಂಕಿನ ಮೆಟ್ಟಿಲ ಮೇಲೆ ಬೋರಲು ಬಿದ್ದ. ಬಿದ್ದವನು ಏಳಲು ನೋಡಿದ ಹಾಗನ್ನಿಸಿತು. ಇನ್ನೊಂದು ಹೋಯಿತು. ಹಾರ್ನ್ "ಸಾಕು, ಸಾಕು ಕಣೋ" ಅಂತ ನನ್ನ ಮಣಿಕಟ್ಟು ಹಿಡಿದು ಮೇಲೆತ್ತಿದ. ಮೂರನೆಯದು ಬ್ಯಾಂಕಿನ ಹೆಸರಿನ ಹಲಗೆಗೆ ಬಿತ್ತು, ಒಂದು ಅಕ್ಷರ ಕೆಳಗೆ ಬಂತು.

ಅವನು ಕಟ್ಟಡದ ಗಾಜು ಒರೆಸುವವನು. ಲೋಹ ಅಂದರೆ ಗಾಜಿನ ನೀರು ಎಳೆಯುವ ಹಿಡಿ. ವ್ಯಾನಿನ ಹಿಂಬಾಗಿಲು ಸರಿಯಾಗಿ ಹಾಕಿಕೊಂಡಿಲ್ಲ ಅಂತ ಮೇಲಿನಿಂದ ನೋಡಿ ಹೇಳಲು ಬಂದಿದ್ದನಂತೆ. ಜಾಕೆಟ್ ಒಳಗಿನ ಕೈ ಯಾಕೆ ಅಂದರೆ, ಓಡುವಾಗ ಬೀಳದಿರಲಿ ಅಂತ ಬೀಡಿ ಕಟ್ಟು ಹಿಡಿದುಕೊಂಡಿದ್ದ.

ಉಸಿರಿದೆ. ಮೆಟ್ಟಿಲುಗಳನ್ನು ಆಮೇಲೆ ಬಕೆಟ್ಟುಗಟ್ಟಲೆ ನೀರು ಹಾಕಿ ತೊಳೆದರು. ವಾಪಸು ಬರುವಾಗ ಹಾರ್ನ್ ಒಂದು ಸಲವೂ ಹಾರ್ನ್ ಒತ್ತಲಿಲ್ಲ.

ಏಪ್ರಿಲ್ ೧೨, ಶನಿವಾರ

ಪಿಸ್ತೂಲನ್ನು ಪೊಲೀಸರು ತೆಗೆದುಕೊಂಡಿದ್ದಾರೆ. ಸೊಂಟ ಖಾಲಿ. ನಡೆಯುವಾಗ ವಾಲುತ್ತೇನೆ ಅನ್ನಿಸುತ್ತದೆ.

ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯ. ನಮ್ಮ ಮೇಜರ್ ಮತ್ತು ವಕೀಲರು ಮೊದಲೇ ಮಾತಾಡಿದ್ದರು.

"ಹಳೇ ರಿವಾಲ್ವರಲ್ಲಿ ಮೊದಲನೇದು ಖಾಲಿ ಇರ್ತಿತ್ತಂತೆ?"

"ಹೌದು ಸಾರ್. ಹೆದರಿಸೋಕೆ."

"ಅಂದ್ರೆ ಹೆದರಿಸೋಣ ಅಂತ ಎಳೆದಿದ್ದು. ಇದು ಹೊಸದು ಅನ್ನೋದು ಕೈಗೆ ಮರೆತುಹೋಯ್ತು. ಅಲ್ವ?"

ಒಂದು ನಿಮಿಷ ಯೋಚಿಸಿದೆ. "ಹೌದು ಸಾರ್" ಅಂದೆ. ಹೇಳಿದ ಮೇಲೆ ನನಗೂ ಹಾಗೇ ಆಗಿದ್ದು ಅಂತ ಅನ್ನಿಸಿತು. ಹಳೆ ಚಾಳಿ. ಇಷ್ಟು ವರ್ಷದ್ದು, ಎಲ್ಲಿ ಹೋಗುತ್ತೆ.

ಏಪ್ರಿಲ್ ೧೪, ಸೋಮವಾರ

ಇವಳು ಇವತ್ತು ತಲೆ ಬಾಚಿಕೊಳ್ಳುತ್ತ, ಕನ್ನಡಿಯಲ್ಲೇ ನನ್ನನ್ನು ನೋಡಿ ಹೇಳಿದಳು.

"ರೀ, ಆ ಗಾಜಿನವನನ್ನ ನಮ್ಮ ವಾರ್ಡಿಗೇ ಹಾಕಿದ್ದಾರೆ."

"ಹೇಗಿದ್ದಾನೆ?"

"ಕೈ ಇನ್ನು ತಲೆಯಿಂದ ಮೇಲೆ ಹೋಗಲ್ಲ. ಗಾಜು ಒರೆಸೋನಿಗೆ ಮತ್ತೆ ಯಾವ ಕಡೆ ಕೈ ಹೋಗ್ಬೇಕು."

"ಕಂಪನಿ ನೋಡ್ಕೊಳ್ಳುತ್ತೆ."

"ಅವನ ಗಾಯ ನಾನೇ ತೊಳೀತೀನಿ ದಿನಾ. ನಾನು ಯಾರ ಹೆಂಡತಿ ಅಂತ ಗೊತ್ತಿಲ್ಲ ಅವನಿಗೆ, ಅಕ್ಕ ಅಂತಾನೆ." ಬಾಚಣಿಗೆ ಕೆಳಗಿಟ್ಟಳು. "ಭುಜದ್ದು ಮುಂದಿನಿಂದ ಹೋಗಿದೆ. ಇನ್ನೊಂದು ಬೆನ್ನಿನಿಂದ ಹೋಗಿದೆ. ಮೊದಲನೇದು ಮಾತಿನ ಮನೇದು ಅಂತಲೇ ಇಟ್ಕೊಳ್ಳೋಣ. ಎರಡನೇದು ಯಾವ ಮನೇದು?"

"ಟ್ರಿಗರ್ ಹಗುರ ಅದರದ್ದು" ಅಂದೆ.

ಅವಳು ಕೂದಲನ್ನು ಹಾಗೇ ಗಂಟು ಹಾಕಿಕೊಂಡು ಡ್ಯೂಟಿಗೆ ಹೋದಳು.

ಟಿಪ್ಪಣಿ: ಹೊಸದರಲ್ಲಿ ಎರಡನೆಯದು ತಾನಾಗಿ ಬರುತ್ತದೆ, ಎಳೆದ ಹಾಗೇ ಅನ್ನಿಸುವುದಿಲ್ಲ. ಅನುಕೂಲಗಳ ಕೆಳಗೆ ಸೇರಿಸಬೇಕು.

ಏಪ್ರಿಲ್ ೨೮, ಸೋಮವಾರ

ತನಿಖೆ ಮುಗಿಯಿತು. ಹಳೆಯ ಆಯುಧದ ಅಭ್ಯಾಸದಿಂದಾದ ಅಚಾತುರ್ಯ ಅಂತ ಬರೆದರು. ಒಂದರ ಹಿಂದೆ ಒಂದು ಹೋಗುವುದು ಹೊಸ ಪಿಸ್ತೂಲಿನ ಗುಣ ಅಂತ ಮಾರಾಟದವನು ಬಂದು ಹೇಳಿ ಹೋದನಂತೆ. ಎರಡನೆಯದರ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ. ಮೇಜರ್ ಬೆನ್ನು ತಟ್ಟಿದರು. "ನೋಡಿದ್ಯಾ, ಕೊನೆಗೆ ತಪ್ಪು ಆ ಹಳೇ ಮುದುಕಿದೇ" ಅಂದರು.

ಹಾರ್ನ್ ಬೇರೆ ವ್ಯಾನಿಗೆ ಕೇಳಿಕೊಂಡು ಹೋಗಿದ್ದಾನೆ. ಹೋಗುವಾಗ ನನ್ನ ಹತ್ತಿರ ಬಂದ. ಏನಾದರೂ ಕುಹಕ ಆಡುತ್ತಾನೆ ಅಂದುಕೊಂಡೆ. "ನಿನ್ನ ಮಣಿಕಟ್ಟು ಹಿಡಿದಾಗ ನೀನು ನನ್ನ ಕಡೆ ಹೇಗೆ ನೋಡಿದೆ ಅಂತ ಜ್ಞಾಪಕ ಇದೆಯಾ?" ಅಂದ.

"ಇಲ್ಲ."

"ಇಲ್ದೆ ಇರೋದೇ ಒಳ್ಳೇದು ಬಿಡು" ಅಂದು ಹೋದ.

ಮೇ ೫, ಸೋಮವಾರ

ವರದಿ ಕೊಟ್ಟೆ. ಹದಿನೆಂಟಕ್ಕೂ ಹೊಸದೇ. ತೂಕ, ವೇಗ, ಗುರಿ, ಗುಂಡಿನ ಸಂಖ್ಯೆ, ಒರೆ, ಎಲ್ಲದರಲ್ಲೂ ಹೊಸದು ಮುಂದೆ ಅಂತ ಬರೆದಿದ್ದೇನೆ. ಪ್ರಾಸವಿಲ್ಲ. ಚೊಕ್ಕವಾಗಿದೆ.

ಮೇಜರ್ ಪೂರ್ತಿ ಓದಿ, "ಹಳೇದರ ಬಗ್ಗೆ ಏನೂ ಇಲ್ವಲ್ಲ. ನ್ಯಾಯವಾಗಿ ಒಂದು ಸಾಲಾದರೂ ಹಾಕು" ಅಂದರು. ಅಲ್ಲೇ ನಿಂತು ಕೆಳಗೆ ಸೇರಿಸಿದೆ: ಹಳೆಯದು ಯೋಚಿಸಲು ಬಿಡುತ್ತದೆ.

ಅವರು ಮೀಸೆ ಸವರಿಕೊಂಡರು. "ಇದು ಹೊಗಳಿಕೆನೋ, ದೂರೋ?"

"ದೂರು ಸಾರ್."

ಹೊಸ ಪಿಸ್ತೂಲು ಅಲ್ಲೇ ಕೊಟ್ಟರು, ಸಹಿ ಹಾಕಿಸಿಕೊಂಡು. ಮುಂದಿನ ವಾರದಿಂದ ಉಳಿದವರಿಗೆಲ್ಲ ನಾನೇ ಕಲಿಸಬೇಕಂತೆ. ಸೊಂಟಕ್ಕೆ ಕಟ್ಟಿದ ಮೇಲೆ ನೆಟ್ಟಗೆ ನಡೆದೆ.

ಮನೆ ಸಮಾಧಾನವಾಗಿದೆ. ಇವಳು ಹೆಚ್ಚಿನ ದಿನ ಎರಡು ಪಾಳಿ ಕೇಳಿ ಹಾಕಿಸಿಕೊಳ್ಳುತ್ತಾಳೆ. ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿಕೊಂಡಿದ್ದೇನೆ, ಗಾಳಿ ಚೆನ್ನಾಗಿ ಬರುತ್ತದೆ. ಮಗಳು ಈಗ ಕಾಲೇಜಿನಿಂದ ಬರುವಾಗ ಕೆಳಗಿನ ಮೆಟ್ಟಿಲಿನಿಂದಲೇ "ಅಪ್ಪ, ನಾನು, ನಾನೊಬ್ಬಳೇ" ಅಂತ ಹೇಳುತ್ತ ಹತ್ತುತ್ತಾಳೆ. ಬಾಗಿಲ ಹತ್ತಿರ ನಿಂತು ಇನ್ನೊಂದು ಸಲ ಹೇಳುತ್ತಾಳೆ. ನಾನು ಬಾ ಅಂದ ಮೇಲೆಯೇ ಒಳಗೆ ಬರುವುದು, ಕೈ ಎರಡೂ ಕಾಣುವ ಹಾಗೆ. ಯಾರು ಹೇಳಿಕೊಟ್ಟರೋ. ಒಳ್ಳೆಯ ಅಭ್ಯಾಸ.